ಒಗ್ಗಿದ ರಕ್ತ

ನನ್ನ ಗಂಡನ ದೇಹಕ್ಕೆ ನನಗಿಂತ ಬಸ್ ಕಂಡಕ್ಟರ್ ಮಾದೇವಿಯೇ ಹೆಚ್ಚು ಹತ್ತಿರದವಳು ಎಂದು ನನಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ. ಯಾರೂ ಬಂದು ಚಾಡಿ ಹೇಳಲಿಲ್ಲ. ನಾನು ಹದಿನೇಳು ವರ್ಷದಿಂದ ದುಡಿಯುತ್ತಿರುವ ಪ್ರಯೋಗಾಲಯದಲ್ಲಿ, ನಾನೇ ಒರೆಸಿ ತಿದ್ದಿ ನೋಡಿಕೊಳ್ಳುವ ಯಂತ್ರ ಅದನ್ನು ಪರದೆಯ ಮೇಲೆ ಬರೆದು ತೋರಿಸಿತು. ನನ್ನ ಅಂಕ ಐವತ್ತೆಂಟು. ಅವಳದು ತೊಂಬತ್ತೊಂದು.

ಅಂಕ ಎಂದರೇನೆಂದು ಈಗ ಮೈಸೂರಿನಲ್ಲಿ ಸೊಪ್ಪು ಮಾರುವವರಿಗೂ ಗೊತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕೊಡುವ ಮದ್ದು ಬರಿಮೈಯಲ್ಲಿ ರಕ್ತಕ್ಕೆ ಇಳಿಯುವುದಿಲ್ಲ. ಸಿಲಿಕಾ ಕಣಗಳೊಳಗೆ ಕೂತು ಹೋಗುತ್ತದೆ. ಸಿಲಿಕಾ ಎಂದರೆ ಮರಳಿನ ಜಾತಿಯದೇ. ಒಂದು ತಲೆಗೂದಲಿನ ದಪ್ಪಕ್ಕೆ ಎಂಟುನೂರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣವು. ಸೆಟ್ ದೋಸೆಯ ಹಾಗೆ ಮೈತುಂಬ ತೂತು. ಆ ತೂತುಗಳಲ್ಲಿ ಎರಡು ಸಾಮಾನು ತುಂಬುತ್ತೇವೆ. ಒಂದು, ಗಡ್ಡೆಯನ್ನು ಕೊಲ್ಲುವ ಮದ್ದು. ಇನ್ನೊಂದು, ಜೀನಿನ ಬಾಯಿ ಮುಚ್ಚಿಸುವ ಆರ್‌ಎನ್‌ಎಯ ಒಂದು ತುಂಡು ಎಳೆ. ಕ್ಯಾನ್ಸರ್ ಕೋಶ ಬಲು ಜಾಣ. ಮದ್ದು ಒಳಗೆ ಬಂದ ಕೂಡಲೇ ಪಂಪು ಹಚ್ಚಿ ಹೊರಗೆ ಚೆಲ್ಲುತ್ತದೆ. ಆ ಪಂಪನ್ನು ಮಾಡಿಸುವ ಜೀನನ್ನು ಈ ಎಳೆ ಸುಮ್ಮನಾಗಿಸುತ್ತದೆ. ಆಮೇಲೆ ಮದ್ದು ಒಳಗೇ ಉಳಿದು ತನ್ನ ಕೆಲಸ ಮಾಡುತ್ತದೆ.

ತೊಂದರೆ ಇದ್ದದ್ದು ದಾರಿಯಲ್ಲಿ. ದೇಹವು ಈ ಕಣಗಳನ್ನು ಕಳ್ಳರೆಂದು ತಿಳಿದು, ಗಡ್ಡೆ ಮುಟ್ಟುವ ಮೊದಲೇ ಹಿಡಿದು ತಿಂದುಹಾಕುತ್ತಿತ್ತು. ಅದಕ್ಕಾಗಿ ಹೊದಿಕೆ. ಆರೋಗ್ಯವಾಗಿರುವ ಒಬ್ಬರ ಬಿಳಿ ರಕ್ತಕಣಗಳ ಪೊರೆಯನ್ನು ಸುಲಿದು ಒಂದೊಂದು ಕಣಕ್ಕೂ ಹೊದಿಸುವುದು. ರೋಗಿಯ ಸ್ವಂತ ರಕ್ತ ಆಗುವುದಿಲ್ಲ, ಅದನ್ನು ಗಡ್ಡೆ ಆಗಲೇ ಕೆಡಿಸಿರುತ್ತದೆ. ಹಾಗಾದರೆ ಯಾರದು? ಮೊದಮೊದಲು ಅಣ್ಣ ತಮ್ಮ, ಅಪ್ಪ ಅಮ್ಮ ಎಂದು ಹುಡುಕಿದೆವು. ಆಮೇಲೆ ತಿಳಿಯಿತು, ದೇಹ ನೋಡುವುದು ನೆಂಟಸ್ತನವನ್ನಲ್ಲ, ರೂಢಿಯನ್ನು. ವರ್ಷಾನುಗಟ್ಟಲೆ ಯಾರ ಜೊತೆ ನೀವು ಎಂಜಲು ಹಂಚಿಕೊಂಡಿದ್ದೀರೋ, ಅವರ ಕೋಶಗಳನ್ನು ನಿಮ್ಮ ದೇಹ ಮನೆಯವರೆಂದು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಒಗ್ಗಿಕೆಯನ್ನು ನೂರಕ್ಕೆ ಇಷ್ಟು ಎಂದು ಅಳೆದು ಹೇಳುವುದೇ ಅಂಕ. ಎಂಬತ್ತಕ್ಕಿಂತ ಕಡಿಮೆ ಇದ್ದರೆ ಹೊದಿಸಿಯೂ ಪ್ರಯೋಜನವಿಲ್ಲ.

ಹೊದಿಕೆ ವಿಭಾಗದ ಮುಖ್ಯಸ್ಥೆಯಾಗಿ ನಾನು ನೋಡದ ಜಗಳವಿಲ್ಲ. ಮಗನಿಗಿಂತ ಸೊಸೆಯ ಅಂಕ ಹೆಚ್ಚು ಬಂತೆಂದು ಮಗರಾಯ ಕಾರಿಡಾರಿನಲ್ಲಿ ಕುರ್ಚಿ ಎತ್ತಿ ಎಸೆದದ್ದಿದೆ. ಹೆಂಡತಿಯದು ಮೂವತ್ತು, ಪಕ್ಕದ ಮನೆಯ ಗೆಳೆಯನದು ಎಂಬತ್ತೊಂಬತ್ತು ಬಂದಾಗ, "ಇಬ್ಬರೂ ಒಂದೇ ಸಿಗರೇಟು ಸೇದ್ತಿದ್ವಿ ಕಣೇ, ಅಷ್ಟೇ" ಎಂದು ಒಬ್ಬ ಮುದುಕ ಹೆಂಡತಿಯ ಕಾಲು ಹಿಡಿದದ್ದೂ ಇದೆ. ಈ ಪರೀಕ್ಷೆ ಬಂದಮೇಲೆ ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರು ಒಂದೇ ತಟ್ಟೆಯಲ್ಲಿ ಉಣ್ಣತೊಡಗಿದರು, ಪ್ರೀತಿಯಿಂದಲ್ಲ, ಮುಂಜಾಗ್ರತೆಯಿಂದ. ಇದನ್ನೆಲ್ಲ ನೋಡಿ ನಾನು ಒಳಗೊಳಗೇ ನಗುತ್ತಿದ್ದೆ.

ನಮ್ಮ ಮನೆಯಲ್ಲಿ ಮಾತ್ರ ತಟ್ಟೆ ಬೇರೆ ಬೇರೆಯೇ ಉಳಿದಿತ್ತು. ಎಂಜಲು ಮುಸುರೆ ಎಂದರೆ ಮಾರು ದೂರ ಹಾರುವ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ನನಗೆ ಉಸಿರಾಟದಷ್ಟೇ ಸಹಜ. ಅದರ ಮೇಲೆ ಪ್ರಯೋಗಾಲಯದ ಶುಚಿ ಬೇರೆ ಸೇರಿಕೊಂಡಿತು. ಗಂಡ ಕಚ್ಚಿದ ಹಣ್ಣನ್ನು ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ನಾನು ತಿಂದಿರಲಿಲ್ಲ. ಅವರು ಒಮ್ಮೆ ತಮಾಷೆಗೆ ನನ್ನ ಕಾಫಿಯನ್ನು ಒಂದು ಗುಟುಕು ಹೀರಿದ್ದಕ್ಕೆ, ಆ ಕಾಫಿ ಚೆಲ್ಲಿ ಲೋಟ ಬೆಳಗಿಟ್ಟಿದ್ದೆ.

ನನ್ನ ಗಂಡ ಗುರುಮಲ್ಲೇಶ್ ಮೈಸೂರಿನಿಂದ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನ ಡ್ರೈವರ್. ಬಯಲು ಸೀಮೆಯ ಬಸ್ಸುಗಳೆಲ್ಲ ತಮ್ಮಷ್ಟಕ್ಕೆ ತಾವೇ ಓಡುವ ಈ ಕಾಲದಲ್ಲೂ ಬೆಟ್ಟದ ತಿರುವುಗಳಿಗೆ ಮನುಷ್ಯರೇ ಬೇಕು. ಅವರ ಸಂಬಳದಲ್ಲೇ ನಾನು ಎಂ.ಎಸ್ಸಿ. ಮುಗಿಸಿದ್ದು, ಡಾಕ್ಟರೇಟ್ ಮಾಡಿದ್ದು. ಮಕ್ಕಳಿಲ್ಲ. ಬೋಗಾದಿಯ ಮನೆಯಲ್ಲಿ ನಾವಿಬ್ಬರೇ. ಅವರ ಬಸ್ಸಿನಲ್ಲಿ ಹದಿನಾರು ವರ್ಷದಿಂದ ಕಂಡಕ್ಟರ್ ಆಗಿರುವವಳು ಹನೂರಿನ ಮಾದೇವಿ.

ಆ ವರ್ಷದ ಆಷಾಢದಲ್ಲಿ ನನ್ನ ಗಂಡನಿಗೆ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು. ಮನೆಯವರ ಕೇಸನ್ನು ನಾವೇ ಮುಟ್ಟಬಾರದೆಂಬ ನಿಯಮವಿದೆ. ಆದರೆ ನಮ್ಮ ವಾರ್ಡಿನ ಡಾ. ಫಿಲೋಮಿನಾ ತಾವೇ ಸಹಿ ಹಾಕಿ ಅನುಮತಿ ಕೊಟ್ಟರು. "ಹೊದಿಕೇಲಿ ನಿಮ್ಮ ಕೈ ನನಗೆ ಗೊತ್ತು, ಸುಲೋಚನಾ. ಬೇರೆಯವರಿಗೆ ಕೊಡಲ್ಲ. ಆದ್ರೆ ಬೇಗ ಆಗ್ಬೇಕು. ಈ ಗಡ್ಡೆ ಕಾಯೋ ಜಾತಿಯದ್ದಲ್ಲ" ಎಂದರು.

ರಕ್ತ ಪರೀಕ್ಷೆಗೆ ಯಾರ ಯಾರ ಹೆಸರು ಕೊಡುತ್ತೀರಿ ಎಂದು ಕೇಳಿದಾಗ ನನ್ನ ಗಂಡ ಹೇಳಿದ್ದು ಮೂರೇ ಹೆಸರು. ನಾನು, ಊರಿನಲ್ಲಿರುವ ಅವರ ಅಣ್ಣ, ಮಾದೇವಿ.

"ಅವಳ್ಯಾಕ್ರೀ?" ಎಂದೆ.

"ಅಯ್ಯೋ, ಜೊತೇಲಿ ಉಂಡೋಳಲ್ವ. ಇರ್ಲಿ ಬುಡು, ಒಂದ್ ಹೆಸ್ರು" ಎಂದರು, ಬೆಟ್ಟದ ತಿರುವಿನಲ್ಲಿ ಹಾರ್ನ್ ಹಾಕುವಷ್ಟು ಸಲೀಸಾಗಿ.

ಅಣ್ಣನದು ಮೂವತ್ತನಾಲ್ಕು ಬಂತು. ಉಳಿದದ್ದು ನಿಮಗೆ ಗೊತ್ತು.

ತೊಂಬತ್ತೊಂದನ್ನು ನೋಡಿ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಅದನ್ನು ಮುಚ್ಚಿಟ್ಟು ಏನೂ ಉಪಯೋಗವಿಲ್ಲ. ಗಂಡ ಬದುಕುವ ದಾರಿ ಕಣ್ಣೆದುರು ತೆರೆದಿತ್ತು. ನನಗೆ ಹೊಟ್ಟೆ ಉರಿಯಿತು. ಎದೆಯೂ ಅಲ್ಲ, ಸರಿಯಾಗಿ ಹೊಟ್ಟೆಯೇ. ಯಂತ್ರ ಕೆಟ್ಟಿದೆ ಎಂದುಕೊಂಡೆ. ತೊಳೆದು, ತಿದ್ದಿ, ಮತ್ತೆ ನನ್ನ ರಕ್ತ ಹಾಕಿದೆ. ಐವತ್ತೆಂಟು. ಬೇರೆ ತೋಳಿನಿಂದ ತೆಗೆದು ಹಾಕಿದೆ. ಐವತ್ತೇಳು. ಯಾವ ತೋಳಿನದಾದರೇನು ಎಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುತ್ತದೆ. ನಾನು ಮೂರನೆಯ ಸಲವೂ ತೆಗೆದೆ.

ಆಮೇಲೆ ಮಾದೇವಿಯ ಹೆಸರಿನ ಮುಂದೆ "ಮಾದರಿ ಹೆಪ್ಪುಗಟ್ಟಿದೆ, ಮರುಪರೀಕ್ಷೆ ಬಾಕಿ" ಎಂದು ಬರೆದೆ. ಎರಡು ದಿನ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಅಂದು ಮಧ್ಯಾಹ್ನ ಬೇಗ ಮನೆಗೆ ಹೋಗಿ ಅವರಿಗೆ ಬಡಿಸಿ, ಎದುರು ಕೂತೆ. ಬೇರೆ ಮಾತಿನ ನಡುವೆ ಕೇಳಿದ ಹಾಗೆ ಕೇಳಿದೆ, "ಮಾದೇವಿ ಜೊತೆ ಊಟ ಅಂದ್ರಲ್ಲ, ಹೆಂಗೆ?"

"ಹೆಂಗೆ ಅಂದ್ರೆ? ಒಂದೇ ಡಬ್ಬಿ. ಶುರೂನಲ್ಲಿ ಒಂದಿನ ಬೆಟ್ಟದಲ್ಲಿ ಹೋಟ್ಲು ಮುಚ್ಚಿತ್ತು. ಅವ್ಳು ಡಬ್ಬಿ ತಂದಿರ್ಲಿಲ್ಲ. ನಿನ್ ಡಬ್ಬೀಲಿ ಅರ್ಧ ಕೊಟ್ಟೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ಅವ್ಳು ಮನೆಯಿಂದ ಮಜ್ಜಿಗೆ ತತ್ತಾಳೆ, ಒಂದೇ ಬಾಟ್ಲು."

"ಅದಕ್ಕೇನಾ ಡಬ್ಬಿಗೆ ವಸಿ ಜಾಸ್ತಿ ಹಾಕು ಅಂತಿದ್ದದ್ದು?"

"ಹೂಂ ಮತ್ತೆ. ನಿನ್ ಉಪ್ಸಾರು ಅಂದ್ರೆ ಪ್ರಾಣ ಅವ್ಳಿಗೆ."

ಹದಿನಾರು ವರ್ಷ! ಬೆಳಿಗ್ಗೆ ಐದಕ್ಕೆ ಎದ್ದು ಕಟ್ಟಿಕೊಟ್ಟ ಊಟ. ಡಬ್ಬಿ ಬರಿದಾಗಿ ಬಂದಾಗ ಗಂಡ ಹೊಟ್ಟೆ ತುಂಬ ಉಂಡರೆಂದು ಹಿಗ್ಗುತ್ತಿದ್ದೆನಲ್ಲ, ಆ ನನ್ನ ಅಡುಗೆಯೇ ಅವಳನ್ನೂ ಅವರನ್ನೂ ಒಂದು ಮಾಡಿತ್ತು. ಅವರಿಬ್ಬರ ನಡುವೆ ಬೇರೇನೂ ಇಲ್ಲವೆಂದು ನನಗೆ ಗೊತ್ತಿತ್ತು. ಅವಳು ಇವರನ್ನು ಅಣ್ಣ ಎನ್ನುತ್ತಿದ್ದಳು, ಮನಸಾರೆ ಎನ್ನುತ್ತಿದ್ದಳು. ಗೊತ್ತಿದ್ದರೂ ಹೊಟ್ಟೆಕಿಚ್ಚು ಇಳಿಯಲಿಲ್ಲ. ಬೇರೇನಾದರೂ ಇದ್ದಿದ್ದರೆ ಬೈದು, ಅತ್ತು, ನ್ಯಾಯ ಕೇಳಬಹುದಿತ್ತು. ಮಜ್ಜಿಗೆಗೆ ಏನೆಂದು ನ್ಯಾಯ ಕೇಳುವುದು?

ಅವರು ಅರ್ಧ ಉಂಡು ತಟ್ಟೆ ಸರಿಸಿದರು. ಗಡ್ಡೆ ಬಂದಮೇಲೆ ಅವರಿಗೆ ಅಷ್ಟೇ ಸೇರುತ್ತಿದ್ದದ್ದು. ನಾನು ಆ ತಟ್ಟೆಯನ್ನು ಎಳೆದುಕೊಂಡು, ಕಣ್ಣು ಮುಚ್ಚಿ, ಉಳಿದ ಅನ್ನವನ್ನು ಉಂಡೆ. ಮೊದಲ ತುತ್ತಿಗೆ ವಾಕರಿಕೆ ಬಂತು.

"ಏನಮ್ಮಿ ಇದು!" ಅವರು ನಕ್ಕುಬಿಟ್ಟರು. "ಲೋಟ ಮುಟ್ಟಿದ್ರೆ ಬೆಳಗ್ತಿದ್ದೋಳು!"

"ಅನ್ನ ಬಿಸಾಕಬಾರ್ದು" ಎಂದೆ.

ಎರಡು ದಿನ ನಾಲ್ಕಾಯಿತು, ನಾಲ್ಕು ಎಂಟಾಯಿತು. ಅವರು ಕುಡಿದಿಟ್ಟ ನೀರು ಕುಡಿದೆ, ಕಚ್ಚಿಬಿಟ್ಟ ಸೇಬು ತಿಂದೆ, ನಾನು ಕುಡಿದ ಕಾಫಿಯನ್ನೇ ಅವರಿಗೆ ಕುಡಿಸಿದೆ. ಈ ಒಗ್ಗಿಕೆಗೆ ಕಡಿಮೆಯೆಂದರೂ ಎಂಟು ವರ್ಷ ಬೇಕೆಂದು ಲೇಖನ ಬರೆದವಳೇ ನಾನು. ಆ ಕೋಷ್ಟಕ ನನ್ನ ಮೇಜಿನ ಮುಂದಿನ ಗೋಡೆಯಲ್ಲೇ ಅಂಟಿಸಿತ್ತು. ಅದಕ್ಕೆ ಬೆನ್ನು ಮಾಡಿ ಕೂತು ದಿನಾ ನನ್ನ ರಕ್ತ ಪರೀಕ್ಷಿಸಿದೆ. ಐವತ್ತೆಂಟು. ಐವತ್ತೊಂಬತ್ತು. ಐವತ್ತೆಂಟು. ಐವತ್ತೊಂಬತ್ತು ಬಂದ ದಿನ ಖುಷಿಗೆ ಮೈಸೂರುಪಾಕು ತಂದೆ, ಅದನ್ನೂ ಇಬ್ಬರೂ ಒಂದೇ ತುಂಡನ್ನು ಕಚ್ಚಿ ತಿಂದೆವು. ಪಾಪ, ಅವರಿಗೆ ಈ ಹೊಸ ಹೆಂಡತಿ ಬಹಳ ಹಿಡಿಸಿದ್ದಳು.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವರು ತಟ್ಟೆಯಲ್ಲಿ ಸುಮ್ಮನೆ ಹೇಗೋ ಅರ್ಧ ಬಿಡುತ್ತಿರಲಿಲ್ಲ. ಎಡಗಡೆಯಿಂದ ಮಾತ್ರ ಉಣ್ಣುತ್ತ ಬಂದು, ನಡುವೆ ಗೆರೆ ಎಳೆದ ಹಾಗೆ ನಿಲ್ಲಿಸುತ್ತಿದ್ದರು. ಬಲಗಡೆಯ ಅನ್ನ, ಪಲ್ಯ, ಉಪ್ಪಿನಕಾಯಿಯ ಹೋಳು ಅಲುಗದೆ ಹಾಗೇ ಇರುತ್ತಿತ್ತು. ಹಸಿವಿಲ್ಲದ್ದಕ್ಕೆ ಬಿಟ್ಟದ್ದಲ್ಲ ಅದು, ಹದಿನಾರು ವರ್ಷದ ಕೈರೂಢಿ. ನಾನು ವಾಕರಿಕೆ ನುಂಗಿಕೊಂಡು ಇಷ್ಟು ದಿನ ಉಂಡದ್ದು ಮಾದೇವಿಯ ಪಾಲು, ಅದೂ ಎಂಜಲಾಗದ ಅನ್ನ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಸದ್ದು ಕೇಳಿಸದ ಹಾಗೆ ಅತ್ತೆ.

ಹನ್ನೆರಡನೆಯ ದಿನ ಡಾ. ಫಿಲೋಮಿನಾ ಹೊಸ ಸ್ಕ್ಯಾನ್ ತೋರಿಸಿದರು. ಲಿವರಿನಲ್ಲಿ ಎರಡು ಚುಕ್ಕೆ. ಹಿಂದಿನ ಸ್ಕ್ಯಾನಿನಲ್ಲಿ ಅವು ಕಂಡಿರಲಿಲ್ಲ.

"ಆ ಮರುಪರೀಕ್ಷೆ ಏನಾಯ್ತು, ಸುಲೋಚನಾ? ಇನ್ನು ಒಂದು ವಾರ ಹೋದ್ರೆ ನಾನು ಕೊಡೋದಕ್ಕೆ ಏನೂ ಉಳಿಯಲ್ಲ."

"ಇವತ್ತು ಬಂತು ಡಾಕ್ಟ್ರೇ" ಎಂದೆ. "ತೊಂಬತ್ತೊಂದು."

ಅವರು ದೊಡ್ಡ ಉಸಿರು ಬಿಟ್ಟು, ದೇವರ ದಯೆ ಎಂದು ಶಿಲುಬೆಯ ಗುರುತು ಮಾಡಿಕೊಂಡರು. ನಾನು ಕಿಟಕಿಯ ಕಡೆ ನೋಡಿದೆ.

ಮಾದೇವಿಯನ್ನು ಕರೆಯಲು ಫೋನ್ ಸಾಕಿತ್ತು. ನಾನೇ ಬಸ್ ನಿಲ್ದಾಣಕ್ಕೆ ಹೋದೆ, ಅವಳ ಮುಖ ನೋಡಬೇಕೆಂಬ ಹಟದಿಂದ. ಬೆಟ್ಟದ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಟಿಕೆಟ್ ಯಂತ್ರ ಮಡಿಲಲ್ಲಿತ್ತು. ನಲವತ್ತೈದರ ಹೆಂಗಸು, ಕಪ್ಪಗೆ, ಗಟ್ಟಿಯಾಗಿ, ತಲೆ ತುಂಬ ಎಣ್ಣೆ. ನನ್ನನ್ನು ಕಂಡದ್ದೇ ಎದ್ದು ನಿಂತು, ಬಾಯಿ ಮುಚ್ಚಿಕೊಂಡಳು. ಕೆಟ್ಟ ಸುದ್ದಿ ತಂದಿದ್ದೇನೆ ಎಂದುಕೊಂಡಿದ್ದಳು.

"ನಿನ್ನ ರಕ್ತ ಹೊಂದುತ್ತೆ" ಎಂದೆ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅಳತೊಡಗಿದಳು. "ಹನ್ನೆರಡ್ ದಿನ ಫೋನೇ ನೋಡ್ತಿದ್ದಿ ಕಣಕ್ಕ. ಬರ್ನಿಲ್ಲ. ನನ್ ರಕ್ತ ಅಣ್ಣಂಗೆ ಆಗ್ನಿಲ್ಲ ಅನ್ಕಂಡು, ಟಿಕೀಟು ಕೊಡ್ತಾ ಕೊಡ್ತಾನೆ ಅತ್ತಿವ್ನಿ. ಜನ ಎಲ್ಲ ಏನಾಯ್ತು, ಏನಾಯ್ತು ಅಂತ ಕೇಳವ್ರೆ."

"ಮರುಪರೀಕ್ಷೆ ಇತ್ತು" ಎಂದೆ. ಆ ಸುಳ್ಳನ್ನು ಅವಳು ಅನ್ನದಷ್ಟು ಸಲೀಸಾಗಿ ನುಂಗಿದಳು. ನನಗಾಗ ನಾಚಿಕೆಯಾಯಿತು. ಅದರ ಜೊತೆಗೇ, ಇಷ್ಟು ಮಂದಿಯ ಮುಂದೆ ನನ್ನ ಗಂಡನಿಗಾಗಿ ಅಳಲು ಇವಳಿಗೆ ಅಂಜಿಕೆ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಎರಡೂ ಒಟ್ಟಿಗೆ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

"ಎಷ್ಟು ಬೇಕೋ ತಕಳಿ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ, "ನಂದು ಅಂತ ಅಣ್ಣಂಗೆ ಹೇಳ್ಬ್ಯಾಡಿ ಅಕ್ಕ. ಸುಮ್ಕೆ ಹಂಗು ಅನ್ಕತದೆ. ನಿಮ್ದೇ ಅನ್ನಿ, ಖುಸಿಯಾಯ್ತದೆ."

ಅವಳು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಹೊದಿಸುವ ಕೆಲಸಕ್ಕೆ ಆರು ಗಂಟೆ ಹಿಡಿಯುತ್ತದೆ. ಅವಳ ರಕ್ತದಿಂದ ಬಿಳಿ ಕಣಗಳನ್ನು ಬೇರೆ ಮಾಡಿದೆ, ಉಬ್ಬಿಸಿ ಒಡೆದೆ, ಒಳಗಿನದನ್ನೆಲ್ಲ ತೊಳೆದು ಪೊರೆಯನ್ನಷ್ಟೇ ಉಳಿಸಿಕೊಂಡೆ. ಮದ್ದು ತುಂಬಿದ ಸಿಲಿಕಾ ಕಣಗಳನ್ನು ಆ ಪೊರೆಗಳ ಜೊತೆ ಸೇರಿಸಿ ಸಣ್ಣ ಜಾಲರಿಯ ಮೂಲಕ ಒತ್ತಿ ಒತ್ತಿ ಹಾಯಿಸಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕಣದ ಸುತ್ತಲೂ ತೆಳ್ಳಗೆ ಮಾದೇವಿ. ಹಿಂದೆಂದೂ ಇಷ್ಟು ಅಚ್ಚುಕಟ್ಟಾಗಿ ಹೊದಿಕೆ ಕೂತದ್ದನ್ನು ನಾನು ನೋಡಿರಲಿಲ್ಲ. ನನ್ನ ಗಂಡನ ನರದೊಳಗೆ ಅದನ್ನು ಹರಿಯಬಿಟ್ಟಾಗ ದೇಹ ಒಂದಿಷ್ಟೂ ತಕರಾರು ಮಾಡಲಿಲ್ಲ. ಜ್ವರವೂ ಬರಲಿಲ್ಲ.

ಐದು ವಾರಕ್ಕೆ ಗಡ್ಡೆ ಅರ್ಧಕ್ಕೆ ಇಳಿಯಿತು. ಲಿವರಿನ ಒಂದು ಚುಕ್ಕೆ ಮಾಯವಾಗಿತ್ತು, ಇನ್ನೊಂದು ಹಾಗೇ ಇತ್ತು. ಎರಡನೆಯ ಡೋಸ್ ಕೊಟ್ಟರೆ ಅದೂ ಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾ. ಫಿಲೋಮಿನಾ. ಮನೆಗೆ ಬಂದಮೇಲೆ ನನ್ನ ಗಂಡ ಸೋಫಾದಲ್ಲಿ ಕೂತು ಕೇಳಿದರು.

"ಹೊದಿಕೆ ಯಾರ್ದು ಅಂತ ಹೇಳ್ಲೇ ಇಲ್ಲ. ನಿಂದೇ ತಾನೆ?"

"ಹೂಂ" ಎಂದೆ. "ನಂದೇ."

ಅವರ ಕಣ್ಣಲ್ಲಿ ನೀರು ತುಂಬಿತು. "ನಂಗೆ ಭಯ ಇತ್ತು, ಸುಲು. ನಿನ್ ಕಣ್ಣಿಗೆ ನಾನು ಯಾವಾಗ್ಲೂ ವಸಿ ಕೊಳಕ. ಡೀಸೆಲ್ ವಾಸ್ನೆ, ಬೆವ್ರು. ನಿನ್ ಮೈಗೂ ನನ್ ಮೈಗೂ ಆಗ್ಬರಲ್ಲ ಅನ್ಕಂಡಿದ್ದೆ. ಆಯ್ತಲ್ಲ, ಬುಡು."

ಇಪ್ಪತ್ತೈದು ವರ್ಷ ಒಬ್ಬ ಮನುಷ್ಯ ಹಾಗೆ ಅಂದುಕೊಂಡು ನನ್ನ ಜೊತೆ ಬದುಕಿದ್ದ. ನಾನು ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನಾಲ್ಕು ದಿನ ಆ ಕೃತಜ್ಞತೆಯನ್ನು ನಾಚಿಕೆಯಿಲ್ಲದೆ ಅನುಭವಿಸಿದೆ. ಅವರು ಕಂಡಕಂಡವರಿಗೆ ಫೋನ್ ಮಾಡಿ "ನನ್ ಹೆಂಡ್ತಿ ರಕ್ತ ಕಣಪ್ಪ" ಎಂದು ಹೇಳಿಕೊಂಡರು. ನಾಲ್ಕನೆಯ ದಿನ ಮಧ್ಯಾಹ್ನ ಮಾದೇವಿಗೆ ಮಾಡಿದರು, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿ. ಅತ್ತ ಬಸ್ಸಿನ ಗದ್ದಲದ ನಡುವೆ ಅವಳ ದನಿ ಬಂತು. "ಊಂ ಕಣಣ್ಣ, ಅಕ್ಕನ್ ರಕ್ತ ಅಂದ್ರೆ ಸುಮ್ಕೆನಾ! ನಮ್ಮಂಥೋರ್ದೆಲ್ಲ ಎಲ್ಲಾಯ್ತದೆ!"

ಅವರ ಕೈಯಿಂದ ಫೋನ್ ತೆಗೆದು ಆರಿಸಿದೆ. ಎದುರು ನಿಂತು ಎಲ್ಲ ಹೇಳಿದೆ. ತೊಂಬತ್ತೊಂದು, ಐವತ್ತೆಂಟು, ಹೆಪ್ಪುಗಟ್ಟಿದೆ ಎಂದು ಬರೆದದ್ದು, ಹನ್ನೆರಡು ದಿನ, ತಟ್ಟೆಯಲ್ಲಿ ಉಳಿದದ್ದನ್ನು ಉಂಡದ್ದು ಯಾಕೆ ಎಂಬುದು. ಒಂದನ್ನೂ ಬಿಡಲಿಲ್ಲ.

ಅವರು ಅಂಗೈಯನ್ನು ಬಲಪಕ್ಕೆಯ ಮೇಲೆ ಇಟ್ಟುಕೊಂಡರು. ಕಡೆಗೆ ಕೇಳಿದರು, "ಲಿವರ್‌ದು ಆ ಹನ್ನೆರಡು ದಿನದಲ್ಲಿ ಬಂದಿದ್ದಾ?"

"ಗೊತ್ತಿಲ್ಲ ಕಣ್ರೀ. ಮೊದಲೇ ಇದ್ದು ಕಾಣದೇ ಇದ್ದಿರಬಹುದು. ಆಗಲೇ ಬಂದಿರಲೂಬಹುದು. ಯಾರಿಗೂ ಗೊತ್ತಾಗಲ್ಲ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ನಮ್ಮ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಡಾ. ಫಿಲೋಮಿನಾ ಅವರಿಗೂ ಇದನ್ನೆಲ್ಲ ಬರೆದುಕೊಟ್ಟೆ. ಓದಿ, ಕನ್ನಡಕ ತೆಗೆದಿಟ್ಟು, ನನ್ನನ್ನು ನೋಡದೆಯೇ ಹೇಳಿದರು, "ವಿಚಾರಣೆ ಆಗುತ್ತೆ. ಕೆಲಸ ಉಳಿಯುತ್ತೆ ಅಂತ ನಾನು ಹೇಳಲ್ಲ. ಎರಡನೇ ಡೋಸ್ ಬೆಂಗಳೂರಿಂದ ಬರೋರು ಮಾಡ್ತಾರೆ. ನೀವೇ ಮಾಡಬೇಕು ಅಂದ್ರೆ ರೋಗಿ ತಾನೇ ಕೈಯಾರೆ ಬರೆದುಕೊಡಬೇಕು, ಪಕ್ಕದಲ್ಲಿ ನಾನು ನಿಂತಿರ್ತೀನಿ." ರೋಗಿ ಬರೆದುಕೊಡುತ್ತಾರೆಂದು ಅವರೂ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ.

ಮನೆಗೆ ಬಂದು ಬಾಗಿಲಾಚೆಯಿಂದಲೇ ಹೇಳಿದೆ, "ಗುರುವಾರ ಡೋಸು. ಮಾದೇವಿ ಬರ್ತಾಳೆ. ಹೊದಿಸೋದಕ್ಕೆ ಬೆಂಗಳೂರಿಂದ ಒಬ್ಬರು ಬರ್ತಾರೆ."

ಬಾಗಿಲು ತೆರೆಯಿತು. ಎರಡು ದಿನದ ಗಡ್ಡ, ಕೆಂಪು ಕಣ್ಣು.

"ಅವ್ರು ನಿನ್ನಷ್ಟು ಚೆಂದಾಗಿ ಮಾಡ್ತಾರಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ" ಎಂದೆ.

"ಹಂಗಾದ್ರೆ ನೀನೇ ಮಾಡು. ಬರೆದ್ಕೊಡ್ತೀನಿ."

"ನನ್ನ ನಂಬ್ತೀರಾ?"

"ನಂಬ್ಕೆ ವಿಷ್ಯ ಆಮೇಲೆ ಮಾತಾಡಣ. ಆಗ್ತದೋ ಇಲ್ವೋ ನಂಗೊತ್ತಿಲ್ಲ" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಈಗ ನಾನು ಬದುಕ್ಬೇಕು, ಸುಲು. ಅಷ್ಟೇಯ."

ಗುರುವಾರ ಬೆಳಿಗ್ಗೆ ಮಾದೇವಿ ಕೆಳಗಿನ ಮಹಡಿಯಲ್ಲಿ ರಕ್ತ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಚೀಲ ಮೇಲಕ್ಕೆ ಬಂದಾಗ ಇನ್ನೂ ಬೆಚ್ಚಗಿತ್ತು. ಡಾ. ಫಿಲೋಮಿನಾ ನನ್ನ ಎಡಕ್ಕೆ ನಿಂತಿದ್ದರು. ಹೊಟ್ಟೆಕಿಚ್ಚು ಹೋಗಿತ್ತೆಂದು ನಾನು ಹೇಳುವುದಿಲ್ಲ, ಆ ಬಿಸುಪು ಅಂಗೈಗೆ ತಾಗಿದಾಗ ಮತ್ತೆ ಉರಿಯಿತು. ದಾಖಲೆ ಪುಸ್ತಕದಲ್ಲಿ ದಾನಿಯ ಹೆಸರು ಬರೆದೆ, ಅಂಕ ತೊಂಬತ್ತೊಂದು ಎಂದು ಬರೆದೆ. ರಕ್ತ ಬಂದ ಸಮಯ ಒಂಬತ್ತು ಗಂಟೆ ಹತ್ತು ನಿಮಿಷ. ಕೆಲಸ ಶುರುವಾದ ಸಮಯ, ಒಂಬತ್ತು ಗಂಟೆ ಹನ್ನೊಂದು ನಿಮಿಷ.